ಹಳೆ ಲೆನ್ಸಿನೊಳಗಿನ ರಾಜಿ ಲೆಕ್ಕ

(ಹಳೆ ಫಿಲ್ಮ್ ಕ್ಯಾಮೆರಾ ಮತ್ತು ಲೆನ್ಸ್‌ಗಳ ಕುರಿತು ಛಾಯಾಗ್ರಹಣ ಹವ್ಯಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಮೇಜಿನ ಮೇಲೆ ಎರಡು ಲೆನ್ಸ್ ಇಟ್ಟಿದ್ದೇನೆ. ಎರಡೂ ಸೋವಿಯತ್ ಒಕ್ಕೂಟದ ಕಾಲದವು. ಬೆಳ್ಳಿ ಬಣ್ಣದ ಹಗುರದ್ದು ಜುಪಿಟರ್-8, ಕಪ್ಪಗೆ ದಪ್ಪಗಿರುವುದು ಹೆಲಿಯೋಸ್ 44-2. ಫೋಕಲ್ ಲೆಂಗ್ತ್ (ದೃಶ್ಯವನ್ನು ಎಷ್ಟು ಹತ್ತಿರ ತರುತ್ತದೆ ಎನ್ನುವ ಅಳತೆ) ಒಂದರದು 50 ಎಂಎಂ, ಇನ್ನೊಂದರದು 58. ಎರಡೂ ಎಫ್/2, ಅದು ಬೆಳಕು ಬಿಡುವ ಕಂಡಿಯ, ಅಂದರೆ ಅಪರ್ಚರಿನ ಅಳತೆ; ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಅಂಕಿ ಮಾತ್ರ ನೋಡಿದರೆ ಅಂಥಾ ವ್ಯತ್ಯಾಸ ಏನೂ ಕಾಣುವುದಿಲ್ಲ. ಆದರೆ ಒಂದೇ ಮರದ ಕೆಳಗೆ ಒಬ್ಬರನ್ನೇ ನಿಲ್ಲಿಸಿ ಎರಡರಲ್ಲೂ ಪೂರ್ತಿ ಅಪರ್ಚರ್ ತೆರೆದು ತೆಗೆದು ನೋಡಿ. ಹೆಲಿಯೋಸಿನಲ್ಲಿ ಹಿಂದಿನ ಎಲೆಗಳೆಲ್ಲ ಮುಖದ ಸುತ್ತ ಸುಳಿ ಹಾಕಿಕೊಂಡು ತಿರುಗಿದ ಹಾಗೆ ಬರುತ್ತವೆ. ಜುಪಿಟರಿನಲ್ಲಿ ಅಂಥ ಗದ್ದಲ ಇಲ್ಲ. ಎಲೆ, ಕೊಂಬೆ, ಆಕಾಶ ಒಂದರೊಳಗೊಂದು ಮೆತ್ತಗೆ ಬೆರೆತಿರುತ್ತವೆ.

ಯಾಕೆ ಹೀಗೆ ಎಂದು ಕೇಳಿದರೆ "ಹಳೆ ಲೆನ್ಸಿಗೆ ಒಂದು ಆತ್ಮ ಇರುತ್ತೆ ಸಾರ್" ಅನ್ನುವವರು ತುಂಬಾ ಜನ ಸಿಗುತ್ತಾರೆ. ಆ ಮಾತಿನಿಂದ ಲೆನ್ಸಿನ ಬೆಲೆ ಏರುತ್ತದೆ, ಅಷ್ಟೇ ಅದರ ಉಪಯೋಗ. ನಾವು ಗುಣ ಎಂದು ಕರೆಯುವ ಪ್ರತಿಯೊಂದರ ಹಿಂದೆಯೂ ಅದನ್ನು ವಿನ್ಯಾಸ ಮಾಡಿದವನು ಒಪ್ಪಿಕೊಂಡ ಒಂದು ರಾಜಿ ಇರುತ್ತದೆ. ಬೆಳಕಿನ ಜೊತೆ ರಾಜಿ, ಗಾಜಿನ ಜೊತೆ ರಾಜಿ, ಕ್ಯಾಮೆರಾದ ಪೆಟ್ಟಿಗೆಯ ಜೊತೆ ರಾಜಿ. ಯಾವುದನ್ನು ಬಿಟ್ಟು ಯಾವುದನ್ನು ಪಡೆದ ಎಂದು ಗೊತ್ತಾದರೆ ಆ ಲೆನ್ಸಿಗೆ ಎಷ್ಟು ಕೊಡಬೇಕು, ಯಾವಾಗ ಹೊರಗೆ ತೆಗೆಯಬೇಕು ಎನ್ನುವುದೂ ಗೊತ್ತಾಗುತ್ತದೆ.

ಬೆಳಕಿನಿಂದ ಶುರು ಮಾಡೋಣ. ರಾತ್ರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಗಾಜಿನಲ್ಲಿ ನಿಮ್ಮ ಮುಖ ಕಾಣುತ್ತದಲ್ಲ? ಗಾಜು ತನ್ನ ಮೇಲೆ ಬಿದ್ದ ಬೆಳಕನ್ನು ಪೂರ್ತಿ ದಾಟಿಸುವುದಿಲ್ಲ. ಗಾಳಿಗೆ ತಾಗುವ ಪ್ರತಿ ಮೈಯಲ್ಲೂ ಶೇ. 4-5ರಷ್ಟು ವಾಪಸ್ಸು ಹೋಗುತ್ತದೆ. ಹೋದದ್ದು ಹೋಗಲಿ ಅನ್ನುವ ಹಾಗೂ ಇಲ್ಲ. ಲೆನ್ಸಿನೊಳಗೆ ಅದು ಇನ್ನೊಂದು ಗಾಜಿಗೆ ಬಡಿದು ತಿರುಗಿ ಬಂದು ಫಿಲ್ಮಿನ ಮೇಲೆಲ್ಲ ಚೆಲ್ಲುತ್ತದೆ. ಕಪ್ಪಗಿರಬೇಕಾದ ಕೂದಲು ಬೂದಿ ಬಣ್ಣಕ್ಕೆ ತಿರುಗುತ್ತದೆ.

1896ರಲ್ಲಿ ಜರ್ಮನಿಯ ಜೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ ಎಂಬಾತ ಪ್ಲಾನಾರ್ ಎಂಬ ಲೆನ್ಸ್ ಮಾಡಿದ. ಆರು ಗಾಜು, ಅಂಟಿಸಿದ್ದನ್ನು ಒಂದೇ ಎಂದು ಎಣಿಸಿದರೆ ನಾಲ್ಕು ಗುಂಪು, ಗಾಳಿಗೆ ತಾಗುವ ಮೈಗಳು ಎಂಟು. ಲೆಕ್ಕಾಚಾರದಲ್ಲಿ ಅದ್ಭುತ, ಚಿತ್ರದಲ್ಲಿ ಮಬ್ಬು. ಅದೇ ರುಡಾಲ್ಫ್ 1902ರಲ್ಲಿ ಟೆಸ್ಸಾರ್ ತಂದ. ನಾಲ್ಕೇ ಗಾಜು, ಮೂರು ಗುಂಪು, ಆರು ಮೈ. ಜಗತ್ತು ಹಿಡಿದುಕೊಂಡದ್ದು ಇದನ್ನು. ನಮ್ಮ ಊರುಗಳ ಸ್ಟುಡಿಯೋಗಳಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡು, ಬಗ್ಗಿ ಮೇಲಿನಿಂದ ನೋಡಿ ಫೋಟೋ ತೆಗೆಯುತ್ತಿದ್ದ ಎರಡು ಕಣ್ಣಿನ ಯಾಶಿಕಾ ನೆನಪಿದೆಯಲ್ಲ, ಅದರಲ್ಲಿ ಮ್ಯಾಟ್ 124ಜಿ ಎಂಬ ಮಾದರಿಯ 80 ಎಂಎಂ ಲೆನ್ಸ್ ಕೂಡ ಇದೇ ಟೆಸ್ಸಾರ್ ಕಟ್ಟಿನದು. ಪ್ಲಾನಾರ್ ಮಾತ್ರ ದಶಕಗಟ್ಟಲೆ ಮೂಲೆಗೆ ಬಿದ್ದಿತ್ತು.

ಈಗ ಲುಡ್ವಿಗ್ ಬರ್ಟೆಲೆ ಎಂಬ ಮನುಷ್ಯನ ವಿಷಯ. 1920ರ ದಶಕದಲ್ಲಿ, ಇನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ, ಡ್ರೆಸ್ಡೆನ್‌ನ ಎರ್ನೆಮಾನ್ ಕಂಪನಿಗೆ ಎರ್ನೊಸ್ಟಾರ್ ಎಂಬ ಲೆನ್ಸ್ ಮಾಡಿಕೊಟ್ಟ. ಎಫ್/2, ಆಮೇಲೆ ಎಫ್/1.8. ಆ ಲೆನ್ಸಿದ್ದ ಎರ್ಮನಾಕ್ಸ್ ಕ್ಯಾಮೆರಾ ಹಿಡಿದು ಎರಿಕ್ ಸಲೊಮನ್ ಎಂಬ ಪತ್ರಿಕಾ ಛಾಯಾಗ್ರಾಹಕ ಫ್ಲ್ಯಾಶ್ ಇಲ್ಲದೆ, ಯಾರಿಗೂ ಗೊತ್ತಾಗದ ಹಾಗೆ ಕೋರ್ಟಿನೊಳಗೆ, ರಾಜಕಾರಣಿಗಳ ಸಭೆಯೊಳಗೆ ಚಿತ್ರ ತೆಗೆದ. ಮುಂದೆ ಎರ್ನೆಮಾನ್ ಹೋಗಿ ಜೈಸ್ ಬಳಗದ ಕ್ಯಾಮೆರಾ ಕಂಪನಿ ಜೈಸ್ ಐಕಾನಿನಲ್ಲಿ ಸೇರಿಕೊಂಡಿತು. 1932ರಲ್ಲಿ ಲೈಕಾ ಎಂಬ ಜರ್ಮನ್ ಕ್ಯಾಮೆರಾಗೆ ಎದುರಾಗಿ ಕಾಂಟ್ಯಾಕ್ಸ್ ಕ್ಯಾಮೆರಾ ಬಂದಾಗ ಅದಕ್ಕೆ ಬರ್ಟೆಲೆಯ ಸೊನ್ನಾರ್ ಸಿದ್ಧವಿತ್ತು.

ಸೊನ್ನಾರಿನ ಜಾಣತನ ನೋಡಿ. ಎಫ್/1.5 ಮಾದರಿಯಲ್ಲಿ ಏಳು ಗಾಜುಗಳಿವೆ. ಬಿಡಿಬಿಡಿಯಾಗಿ ಇಟ್ಟಿದ್ದರೆ ಹದಿನಾಲ್ಕು ಮೈ ಆಗಬೇಕಿತ್ತು. ಆತ ಮೂರು ಗಾಜುಗಳನ್ನು ಒಂದಕ್ಕೊಂದು ಅಂಟಿಸಿ ಒಂದು ಗಟ್ಟಿ, ಇನ್ನು ಮೂರನ್ನು ಅಂಟಿಸಿ ಇನ್ನೊಂದು ಗಟ್ಟಿ, ಮುಂದೆ ಒಂಟಿ ಗಾಜು ಒಂದು, ಹೀಗೆ ಜೋಡಿಸಿ ಆರೇ ಮೈಗಳಲ್ಲಿ ಕೆಲಸ ಮುಗಿಸಿದ. ಅಷ್ಟು ವೇಗದ (ಅಂದರೆ ಬೆಳಕು ಹೆಚ್ಚು ಒಳಬಿಡುವ) ಲೆನ್ಸ್, ಆದರೂ ಕಪ್ಪು ಕಪ್ಪಾಗಿಯೇ ಬಂತು. ಇದಕ್ಕೆ ಆತ ತೆತ್ತದ್ದು ಏನು? ಅಷ್ಟು ದಪ್ಪ ಗಾಜುಗಳನ್ನು ಅರೆದು ಅಂಟಿಸುವುದು ಕಷ್ಟದ, ಖರ್ಚಿನ ಕೆಲಸ. ಪೂರ್ತಿ ತೆರೆದಾಗ ಅಂಚುಗಳು ಸ್ವಲ್ಪ ಮಸುಕಾಗುತ್ತವೆ, ಅಪರ್ಚರ್ ಕಿರಿದಾಗಿಸುತ್ತ ಹೋದರೆ ಫೋಕಸ್ ತುಸು ಹಿಂದಕ್ಕೆ ಜಾರುತ್ತದೆ. ಇವತ್ತು ಮುಖಚಿತ್ರಕ್ಕೆ ಸೊನ್ನಾರ್ ಅಂದರೆ ಜನ ಪ್ರಾಣ ಬಿಡುತ್ತಾರಲ್ಲ, ಆ ಮೃದುತ್ವ ಈ ಬಾಕಿಯ ಬಡ್ಡಿ.

ಇನ್ನೊಂದು ತಮಾಷೆ ಇದೆ. ಈ ಕಷ್ಟವನ್ನೆಲ್ಲ ಬೇಡವೆನಿಸುವ ಉಪಾಯ ಅದೇ ಜೈಸ್ ಕಂಪನಿಯಲ್ಲಿ 1935ರಲ್ಲಿ ಹುಟ್ಟಿತು. ಅಲೆಕ್ಸಾಂಡರ್ ಸ್ಮಾಕುಲ ಗಾಜಿನ ಮೇಲೆ ಅತಿ ತೆಳುವಾದ ಪದರ ಬಳಿದು ಪ್ರತಿಫಲನ ತಗ್ಗಿಸುವ ವಿಧಾನ ಕಂಡುಹಿಡಿದ. ಅದೇ ಕೋಟಿಂಗ್. ಲೆನ್ಸನ್ನು ಓರೆ ಹಿಡಿದರೆ ನೀಲಿಯೋ ನೇರಳೆಯೋ ಹೊಳೆಯುತ್ತದಲ್ಲ, ಅದು. ಯುದ್ಧದ ಕಾಲದಲ್ಲಿ ಅದು ಹೆಚ್ಚಾಗಿ ಸೈನ್ಯದ ಪಾಲಾಯಿತು, ಯುದ್ಧ ಮುಗಿದ ಮೇಲೆ ಎಲ್ಲರ ಲೆನ್ಸಿಗೂ ಬಂತು. ಎಂಟು ಮೈ ಇದ್ದರೂ ಚಿಂತೆ ಇಲ್ಲ ಅಂತಾದ ಮೇಲೆ ಮೂಲೆಗೆ ಬಿದ್ದಿದ್ದ ಪ್ಲಾನಾರ್ ಎದ್ದು ಕೂತಿತು. ಇವತ್ತು ನಿಮ್ಮ ಬ್ಯಾಗಿನಲ್ಲಿರುವ 50 ಎಂಎಂ ಲೆನ್ಸ್ ಹೆಚ್ಚುಕಡಿಮೆ ಅದರ ವಂಶದ್ದೇ. ಕೋಟಿಂಗ್ ಹತ್ತು ವರ್ಷ ಮೊದಲೇ ಬಂದಿದ್ದರೆ ಬರ್ಟೆಲೆ ಸೊನ್ನಾರ್ ಮಾಡುವ ಗೋಜಿಗೆ ಹೋಗುತ್ತಿರಲಿಲ್ಲ ಎಂದು ನನ್ನ ಅನಿಸಿಕೆ.

ಹೆಲಿಯೋಸಿಗೆ ಬರೋಣ. 1936ರಲ್ಲಿ ಡ್ರೆಸ್ಡೆನ್‌ನ ಇಹಾಗೆ ಕಂಪನಿ ಕಿನೆ ಎಕ್ಸಾಕ್ಟಾ ಎಂಬ, 35 ಎಂಎಂ ಫಿಲ್ಮಿನ ಎಸ್‌ಎಲ್‌ಆರ್ ತಂದಿತು; ಲೆನ್ಸಿನ ಮೂಲಕ ಬಂದ ದೃಶ್ಯವನ್ನೇ ಕನ್ನಡಿಯಿಂದ ಕಣ್ಣಿಗೆ ತೋರಿಸುವ ಕ್ಯಾಮೆರಾ ಅದು. ಎಸ್‌ಎಲ್‌ಆರ್ ಅಂದಮೇಲೆ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿ ಮೇಲೇಳಲು ಜಾಗ ಬೇಕು. ಸೊನ್ನಾರಿನ ಹಿಂಭಾಗ ಉದ್ದ, ಫಿಲ್ಮಿನ ಹತ್ತಿರಕ್ಕೇ ಹೋಗಿ ನಿಲ್ಲುತ್ತದೆ. ಕನ್ನಡಿಗೆ ಬಡಿಯುತ್ತದೆ. ಹಾಗಾಗಿ ವಿಲ್ಲಿ ಮೆರ್ಟೆ ಎಂಬಾತ ಮಾಡಿದ ಬಯೋಟಾರ್ ಎಂಬ ಆರು ಗಾಜಿನ ಲೆನ್ಸ್ ಅಲ್ಲಿಗೆ ಬಂತು. 50 ಎಂಎಂ ಮಾಡಿದರೆ ಕನ್ನಡಿಗೆ ಜಾಗ ಸಾಲದು, ತುಸು ಹಿಗ್ಗಿಸಿ 58 ಮಾಡಿದರು. ಹೆಲಿಯೋಸ್ ಯಾಕೆ 58 ಎಂದು ಕೇಳುವವರಿಗೆ ಇದೇ ಉತ್ತರ: ಅದು ಬಯೋಟಾರಿನ ನಕಲು.

ಆ ಸುಳಿ ಎಲ್ಲಿಂದ ಬಂತು? ಲೆನ್ಸನ್ನು ಕೈಯಲ್ಲಿ ಹಿಡಿದು ಅಪರ್ಚರ್ ಪೂರ್ತಿ ತೆರೆಯಿರಿ. ನೇರ ನೋಡಿದರೆ ಗುಂಡಗೆ ಕಾಣುತ್ತದೆ. ನಿಧಾನಕ್ಕೆ ಓರೆ ಮಾಡಿ. ಮುಂದಿನ ಗಾಜಿನ ಬಳೆ ಒಂದು ಕಡೆಯಿಂದ, ಹಿಂದಿನ ಬಳೆ ಇನ್ನೊಂದು ಕಡೆಯಿಂದ ಕತ್ತರಿಸಿ ಅದು ಬೆಕ್ಕಿನ ಕಣ್ಣಿನಂತಾಗುತ್ತದೆ. ಚಿತ್ರದ ಅಂಚಿನಲ್ಲಿರುವ ಎಲೆಗಳಿಗೆ ಲೆನ್ಸ್ ಕಾಣುವುದು ಹೀಗೆ ಓರೆಯಾಗಿಯೇ. ಅದಕ್ಕೇ ಅಲ್ಲಿನ ಪ್ರತಿ ಬೆಳಕಿನ ಚುಕ್ಕೆಯೂ ಕಣ್ಣಿನಾಕಾರದಲ್ಲಿ ನಡುವನ್ನು ಸುತ್ತುವರಿದು ನಿಲ್ಲುತ್ತದೆ. ಗಾಜುಗಳನ್ನು ಇನ್ನಷ್ಟು ಅಗಲ ಮಾಡಿದ್ದರೆ ಇದು ಕಡಿಮೆ ಆಗುತ್ತಿತ್ತು, ತೂಕ ಮತ್ತು ಬೆಲೆ ಏರುತ್ತಿತ್ತು. ಅಂಚಿನಲ್ಲಿ ಉಳಿದುಕೊಂಡ ಬೇರೆ ದೋಷಗಳೂ ಇದಕ್ಕೆ ಜೊತೆಗೂಡುತ್ತವೆ. ಎಫ್/4ಕ್ಕೆ ಇಳಿಸಿ, ಸುಳಿ ಮಾಯ. ಸುಳಿ ಬೇಕೆಂದೇ ಹೆಲಿಯೋಸ್ ಕೊಳ್ಳುವವರು ಎರಡು ಸಂಗತಿ ತಿಳಿದಿರಬೇಕು: ಪೂರ್ತಿ ತೆರೆದೇ ತೆಗೆಯಬೇಕು, ಹಿನ್ನೆಲೆಯಲ್ಲಿ ಎಲೆಗಳ ನಡುವೆ ತೂರಿ ಬರುವ ಬೆಳಕಿರಬೇಕು. ಸುಣ್ಣ ಬಳಿದ ಗೋಡೆಯ ಮುಂದೆ ನಿಲ್ಲಿಸಿ ತೆಗೆದರೆ ಏನೂ ಬರುವುದಿಲ್ಲ.

ಜರ್ಮನಿಯ ಲೆನ್ಸುಗಳು ರಷ್ಯನ್ ಹೆಸರು ಇಟ್ಟುಕೊಂಡದ್ದು ಯುದ್ಧದಿಂದ. 1945ರ ನಂತರ ಜರ್ಮನಿ ಹೋಳಾಯಿತು, ಜೈಸ್ ಕೂಡ. ಕಂಪನಿಯ ಮೂಲ ಊರು ಯೇನಾ ಪೂರ್ವಕ್ಕೆ ಉಳಿಯಿತು. ಅಮೆರಿಕನ್ನರು ಕರೆದೊಯ್ದ ತಜ್ಞರು ಪಶ್ಚಿಮದಲ್ಲಿ ಓಬರ್‌ಕೋಚೆನ್‌ನಲ್ಲಿ ಹೊಸದಾಗಿ ಶುರು ಮಾಡಿದರು. ಯುದ್ಧ ಪರಿಹಾರವಾಗಿ ಸೋವಿಯತ್ತರು ಕಾಂಟ್ಯಾಕ್ಸ್ ಮಾಡುವ ಯಂತ್ರೋಪಕರಣಗಳನ್ನೇ ಕಿತ್ತುಕೊಂಡು ಹೋಗಿ ಉಕ್ರೇನಿನ ಆರ್ಸೆನಲ್ ಕಾರ್ಖಾನೆಯಲ್ಲಿ ಕೂರಿಸಿದರು. ಅಲ್ಲಿಂದ ಹೊರಬಂದದ್ದು ಕಿಯೆವ್ ಕ್ಯಾಮೆರಾ. ಎಫ್/2 ಸೊನ್ನಾರ್ ಜುಪಿಟರ್-8 ಆಯಿತು, ಬಯೋಟಾರ್ ಮಾಸ್ಕೋ ಹತ್ತಿರದ ಕ್ರಾಸ್ನೊಗೋರ್ಸ್ಕ್‌ನಲ್ಲಿ ಹೆಲಿಯೋಸ್ 44 ಆಯಿತು. ಸಂಗ್ರಹಕಾರರಿಗೆ ಒಂದು ಅನುಕೂಲ: ಸೋವಿಯತ್ ಲೆನ್ಸುಗಳ ಸರಣಿ ಸಂಖ್ಯೆಯ ಮೊದಲ ಎರಡು ಅಂಕಿ ಸಾಮಾನ್ಯವಾಗಿ ತಯಾರಾದ ವರ್ಷ. 63 ಅಂತ ಶುರುವಾದರೆ 1963. ಪೂರ್ವ ಜರ್ಮನಿಯದ್ದಾದರೆ ಹೆಸರಿನ ಜಗಳ ಕಾಣುತ್ತದೆ. ಪಶ್ಚಿಮದವರು ಕೋರ್ಟಿಗೆ ಹೋದದ್ದರಿಂದ ಯೇನಾದವರು ಕೆಲವು ದೇಶಗಳಿಗೆ ಕಳಿಸುವಾಗ ಟೆಸ್ಸಾರ್ ಎಂದು ಕೆತ್ತುವ ಹಾಗಿರಲಿಲ್ಲ. ಬರೀ "ಟಿ", ಬಯೋಟಾರಿಗೆ ಬರೀ "ಬಿ". ಅಂಥ ಲೆನ್ಸ್ ಸಿಕ್ಕರೆ ನಕಲಿ ಎಂದು ಬಿಟ್ಟುಬರಬೇಡಿ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಫೆಡ್ ಎಂಬ ಕ್ಯಾಮೆರಾ ಇದೆ. ಯುದ್ಧಕ್ಕೂ ಮೊದಲು, 1934ರಿಂದ, ಖಾರ್ಕಿವ್‌ನಲ್ಲಿ ತಯಾರಾದ ಲೈಕಾ ನಕಲು. ಮಾಡಿದವರು ಯಾರು ಗೊತ್ತೇ? ಅನಾಥ ಮಕ್ಕಳು. ಬೀದಿಪಾಲಾದ ಹುಡುಗ ಹುಡುಗಿಯರಿಗಾಗಿ ಮಕರೆಂಕೊ ಎಂಬ ಶಿಕ್ಷಣ ತಜ್ಞ ನಡೆಸುತ್ತಿದ್ದ ಶ್ರಮಶಾಲೆಯಲ್ಲಿ ಕೈಕಸುಬು ಕಲಿಯುತ್ತಲೇ ಇಂಥ ಸೂಕ್ಷ್ಮ ಯಂತ್ರ ಕಟ್ಟಿದರು. ಆದರೆ ಹೆಸರು ಯಾರದು ನೋಡಿ: ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಝಿನ್‌ಸ್ಕಿ, ಸೋವಿಯತ್ ರಹಸ್ಯ ಪೊಲೀಸ್ ಪಡೆಯ ಸ್ಥಾಪಕ. ಅವನ ಹೆಸರಿನ ಮೂರು ಮೊದಲಕ್ಷರಗಳೇ ಫೆಡ್.

ಇದನ್ನು ಹೇಳಿದ್ದಕ್ಕೆ ಕಾರಣ ಇದೆ. ಈ ಫೆಡ್ ಮತ್ತು ಅದರ ತಮ್ಮ ಝೋರ್ಕಿಯ ಮೇಲಿನ ಹೆಸರನ್ನು ಉಜ್ಜಿ ತೆಗೆದು, ಲೈಕಾ ಎಂದು ಕೆತ್ತಿ, ಹಿತ್ತಾಳೆಯದೋ ಚಿನ್ನದ್ದೋ ಬಣ್ಣ ಕೊಟ್ಟು, ಹದ್ದಿನ ಮುದ್ರೆ ಹಾಕಿ "ಹಿಟ್ಲರ್ ಕಾಲದ್ದು" ಎಂದು ಮಾರುವ ವ್ಯಾಪಾರ ಜೋರಾಗಿ ನಡೆಯುತ್ತದೆ. ಗುರುತು ಹಿಡಿಯುವುದು ಸುಲಭ. ಲೆನ್ಸ್ ತಿರುಗಿಸಿ ಬಿಚ್ಚಿ. ಒಳಗೆ ಮೇಲ್ಭಾಗದಲ್ಲಿ ರೇಂಜ್‌ಫೈಂಡರಿಗೆ (ದೂರ ಅಳೆದು ಫೋಕಸ್ ಮಾಡಿಸುವ ಭಾಗಕ್ಕೆ) ಹೋಗುವ ಒಂದು ಸಣ್ಣ ತೋಳು ಕಾಣುತ್ತದೆ. ನಿಜವಾದ ಲೈಕಾದಲ್ಲಿ ಅದರ ತುದಿಗೆ ಉರುಳುವ ಪುಟ್ಟ ಚಕ್ರ ಇರುತ್ತದೆ. ಫೆಡ್, ಝೋರ್ಕಿಗಳಲ್ಲಿ ಚಕ್ರ ಇಲ್ಲ, ಬರೀ ಲೋಹದ ನಾಲಿಗೆ. ಲೆನ್ಸ್ ಬಿಚ್ಚಲು ಬಿಡದ ಮಾರಾಟಗಾರನ ಹತ್ತಿರ ಮಾತು ಬೆಳೆಸಬೇಡಿ. ಹಾಗೆಂದು ಫೆಡ್ ಕೆಟ್ಟ ಕ್ಯಾಮೆರಾ ಅಲ್ಲ, ಫೆಡ್ ಎಂದೇ ಕೊಳ್ಳಿ, ಫೆಡ್ ಬೆಲೆಗೆ ಕೊಳ್ಳಿ. ಶಟರ್ ವೇಗ ಬದಲಿಸುವುದಿದ್ದರೆ ಮೊದಲು ವೈಂಡ್ ಮಾಡಿ (ಫಿಲ್ಮನ್ನು ಮುಂದಕ್ಕೆ ಸುತ್ತಿ) ಆಮೇಲೆ ಬದಲಿಸಿ.

ನಮ್ಮ ಕಡೆ ಏನು ಸಿಗುತ್ತದೆ? ಆಮದಿಗೆ ಬಿಗಿ ನಿರ್ಬಂಧ ಇದ್ದ ಕಾಲದಲ್ಲಿ ಸೋವಿಯತ್ ಜೊತೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದುದರಿಂದ ಝೆನಿಟ್ ಕ್ಯಾಮೆರಾಗಳು ಬಂದವು, ಅವುಗಳ ಮೂತಿಗೆ ಹೆಲಿಯೋಸ್ ಬಂತು. ಕರಾವಳಿಯಲ್ಲಿ ಹುಡುಕಿದರೆ ಗಲ್ಫ್‌ನಿಂದ ರಜೆಗೆ ಬಂದವರು ತಂದ ಯಾಶಿಕಾಗಳು. ಎಲ್ಲ ಕಡೆ, ಅಟ್ಟದ ಮೇಲೆ, ಟ್ರಂಕಿನ ತಳದಲ್ಲಿ ಅಗ್ಫಾ ಕ್ಲಿಕ್ 3. ಇದು ಬರೋಡಾದಲ್ಲಿ ತಯಾರಾಗುತ್ತಿತ್ತು. ಫೋಕಸ್ ಮಾಡುವ ಕೆಲಸವೇ ಇಲ್ಲ. 120 ಅಳತೆಯ ರೀಲಿನಲ್ಲಿ ಹನ್ನೆರಡು ಚೌಕ ಚಿತ್ರ. ಸಂತೋಷದ ಸಂಗತಿ ಏನೆಂದರೆ 120 ರೀಲು ಇವತ್ತಿಗೂ ಹೊಸದಾಗಿ ತಯಾರಾಗುತ್ತಿದೆ. ಹೊಸದಾಗಿ ಶುರು ಮಾಡುವವರು ದುಡ್ಡು ಖರ್ಚು ಮಾಡುವ ಮೊದಲು ಅಜ್ಜನ ಮನೆಯ ಅಟ್ಟ ಹತ್ತಿ. ಫಿಲ್ಮಿನ ಸಂಖ್ಯೆ ಹೆಚ್ಚಿದಷ್ಟೂ ಅದು ಬೆಳಕಿಗೆ ಚುರುಕು; 400ರ ಫಿಲ್ಮ್ ಬೇಡ, 100ರದ್ದು ಹಾಕಿ, ಬಿಸಿಲಿನಲ್ಲಿ ತೆಗೆಯಿರಿ.

ಫಿಲ್ಮ್ ಎಂದಾಗ ಊಟಿ ನೆನಪಾಗಲೇಬೇಕು. 1960ರಲ್ಲಿ ಸರ್ಕಾರ ಅಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಸ್ಥಾಪಿಸಿತು. ತಂಪು, ಧೂಳಿಲ್ಲದ ಗಾಳಿ, ಫಿಲ್ಮ್ ತಯಾರಿಗೆ ಹೇಳಿ ಮಾಡಿಸಿದ ಜಾಗ. "ಇಂದು" ಹೆಸರಿನಲ್ಲಿ ಕಪ್ಪುಬಿಳುಪು ಫಿಲ್ಮ್, ಪ್ರಿಂಟ್ ಕಾಗದ, ಎಕ್ಸ್‌ರೇ ಫಿಲ್ಮ್ ಬಂದವು. ನಿಮ್ಮ ಮನೆಯ ಆಲ್ಬಮ್ಮಿನ ಎಪ್ಪತ್ತರ ದಶಕದ ಮದುವೆ ಫೋಟೋಗಳನ್ನು ತಿರುಗಿಸಿ ನೋಡಿ, ಹಿಂಬದಿಯಲ್ಲಿ ಆ ಹೆಸರು ಸಿಕ್ಕೀತು. ಜನ ಕಲರಿಗೆ ಹೋದರು, ಕಾರ್ಖಾನೆ ಹೋಗಲಿಲ್ಲ. ಮುಚ್ಚಿತು. ಮೈಸೂರಿನಿಂದ ಒಂದು ಹಗಲಿನಲ್ಲಿ ಹೋಗಿಬರುವ ದೂರದಲ್ಲಿ ಒಂದು ಕಾಲಕ್ಕೆ ಫಿಲ್ಮ್ ತಯಾರಾಗುತ್ತಿತ್ತು. ಇವತ್ತು ನಾವು ಕಲರ್ ರೀಲು ಕೊಂಡು, ತೊಳೆಸಿ, ಸ್ಕ್ಯಾನ್ ಮಾಡಿಸುವಷ್ಟರಲ್ಲಿ 36 ಚಿತ್ರಕ್ಕೆ ಸಾವಿರ ರೂಪಾಯಿ ದಾಟುತ್ತದೆ.

ಕೊಳ್ಳುವಾಗ ಏನು ನೋಡಬೇಕು? ಒಂದು ಸಣ್ಣ ಟಾರ್ಚ್ ಜೇಬಿನಲ್ಲಿರಲಿ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಬೆಳಕು ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ನೇರ ನೋಡಿದರೆ ಟಾರ್ಚ್ ಬಿಟ್ಟು ಏನೂ ಕಾಣದು. ಓರೆ ಮಾಡುತ್ತ ಹೋದ ಹಾಗೆ ಒಳಗಿನ ಒಂದೊಂದೇ ಗಾಜು ಕಣ್ಣಿಗೆ ಬರುತ್ತದೆ. ಜೇಡನ ಬಲೆಯ ಹಾಗೆ ಬೆಳ್ಳಗೆ ಕವಲೊಡೆದದ್ದು ಫಂಗಸ್. ಹಾಲು ಬಳಿದ ಹಾಗೆ ಇಡೀ ಗಾಜು ಮಂಕಾಗಿದ್ದರೆ ಹೇಜ್, ಇದು ಚಿತ್ರಕ್ಕೆ ಹೆಚ್ಚು ಹಾನಿ. ಅಂಚಿನಿಂದ ಕಾಮನಬಿಲ್ಲಿನ ಹಾಗೆ ಬಣ್ಣ ಬಣ್ಣದ ಚಂದ್ರಾಕೃತಿ ಇದ್ದರೆ ಅಂಟು ಬಿಡುತ್ತಿದೆ ಎಂದರ್ಥ. ಸೊನ್ನಾರಿನಂತೆ ಅಂಟಿಸಿಯೇ ಕಟ್ಟಿದ ಲೆನ್ಸಿನಲ್ಲಿ ಇದನ್ನು ಮೊದಲು ನೋಡಬೇಕು. ಮುಂದಿನ ಗಾಜಿನ ಒಂದೆರಡು ಗೀರಿಗೆ ಹೆದರಬೇಡಿ, ಅದು ಬೆಲೆ ಇಳಿಸಲು ನಿಮಗಿರುವ ಆಯುಧ. ಹಿಂದಿನ ಗಾಜಿನ ಗೀರಾದರೆ ಕೆಳಗಿಟ್ಟು ಬನ್ನಿ. ತಿರುಪುಗಳ ತಲೆ ಕಿತ್ತುಹೋಗಿದ್ದರೆ ಯಾರೋ ಬಿಚ್ಚಿ ಕಲಿತಿದ್ದಾರೆ.

ಕ್ಯಾಮೆರಾ ಬಾಡಿಯಾದರೆ ಹಿಂಬದಿ ತೆರೆದು ಶಟರ್ ವೇಗ 1 ಸೆಕೆಂಡಿಗೆ ಇಟ್ಟು ಒತ್ತಿ. ಒಳಗಿನ ಹಲ್ಲುಚಕ್ರದ ಸದ್ದು ಒಂದೇ ಸಮನೆ ಹೋಗಿ ಮುಗಿಯಬೇಕು. ನಡುವೆ ನಿಂತು ಏದುಸಿರು ಬಿಟ್ಟರೆ ಎಣ್ಣೆ ಗಟ್ಟಿಯಾಗಿದೆ. ಎಪ್ಪತ್ತರ ದಶಕದ ಜಪಾನಿ ಕ್ಯಾಮೆರಾಗಳಲ್ಲಿ ಬಾಗಿಲಂಚಿನ ಸ್ಪಂಜು ಜಿಗುಟು ಡಾಂಬರಾಗಿರುತ್ತದೆ. ಅದು ಅಗ್ಗದ ರಿಪೇರಿ. ಬೆಳಕು ಅಳೆಯುವ ಮೀಟರ್ ಓಡದಿದ್ದರೂ ಪರವಾಗಿಲ್ಲ. ಹಳೆಯ 1.35 ವೋಲ್ಟಿನ ಪಾದರಸದ ಸೆಲ್ ಈಗ ಮಾರಾಟದಲ್ಲಿಲ್ಲ, 1.5ರದ್ದು ಹಾಕಿದರೆ ಅನೇಕ ಕ್ಯಾಮೆರಾಗಳ ಮೀಟರ್ ಸುಳ್ಳು ಹೇಳುತ್ತದೆ. ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಇದಕ್ಕೆ ಹೊರತು, ಅದರ ಸರ್ಕ್ಯೂಟ್ ವೋಲ್ಟೇಜ್ ಬದಲಾದರೂ ಸರಿಯಾಗಿ ಓದುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ಕ್ಯಾಮೆರಾ ಸೆಲ್ ಇಲ್ಲದೆಯೂ ಶಟರ್ ಓಡುವಂಥದ್ದಾಗಿರಲಿ: ಪೆಂಟಾಕ್ಸ್ ಕೆ1000, ನಿಕಾನ್ ಎಫ್‌ಎಂ2. ಸಿನಿಮಾ ತಾರೆಯರ ಕೈಯಲ್ಲಿ ಕಂಡಿತೆಂದು ತೊಂಬತ್ತರ ದಶಕದ ಪುಟ್ಟ ಎಲೆಕ್ಟ್ರಾನಿಕ್ ಕ್ಯಾಮೆರಾಗಳಿಗೆ ಜನ ಲಕ್ಷದ ಹತ್ತಿರ ಸುರಿಯುತ್ತಾರೆ. ಒಳಗಿನ ಸರ್ಕ್ಯೂಟ್ ಹೋದ ದಿನ ಅದು ಬರೀ ಡಬ್ಬಿ.

ಫಿಲ್ಮ್ ಬೇಡ, ಹಳೆ ಲೆನ್ಸನ್ನು ಡಿಜಿಟಲ್ಲಿಗೆ ಹಾಕುತ್ತೇನೆ ಎನ್ನುವವರಿಗೆ ಒಂದು ಎಚ್ಚರಿಕೆ. ಮಿರರ್‌ಲೆಸ್ (ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾ) ಇದ್ದರೆ ಯಾವ ತಾಪತ್ರಯವೂ ಇಲ್ಲ, ಒಂದು ಖಾಲಿ ಕೊಳವೆಯಂಥ ಅಡಾಪ್ಟರ್ ಸಾಕು. ಡಿಎಸ್‌ಎಲ್‌ಆರ್ (ಕನ್ನಡಿಯಿರುವ ಡಿಜಿಟಲ್ ಎಸ್‌ಎಲ್‌ಆರ್) ಆದರೆ ಲೆಕ್ಕ ನೋಡಿ. ಹೆಲಿಯೋಸಿನ ಎಂ42 ತಿರುಪು ಲೆನ್ಸಿಗೆ ಫಿಲ್ಮಿನಿಂದ 45.46 ಎಂಎಂ ದೂರ ಬೇಕು. ಕ್ಯಾನನ್ ಡಿಎಸ್‌ಎಲ್‌ಆರ್‌ನಲ್ಲಿ ಆ ದೂರ 44, ನಡುವೆ ತೆಳು ಬಳೆ ಹಾಕಬಹುದು. ನಿಕಾನಿನಲ್ಲಿ 46.5. ಲೆನ್ಸ್ ಒಂದು ಮಿಲಿಮೀಟರ್ ಮುಂದೆಯೇ ನಿಂತುಬಿಡುತ್ತದೆ, ದೂರದ ಬೆಟ್ಟ ಎಂದೂ ಫೋಕಸ್ ಆಗುವುದಿಲ್ಲ. ಜುಪಿಟರಿನಂಥ ರೇಂಜ್‌ಫೈಂಡರ್ ಲೆನ್ಸುಗಳು ಡಿಎಸ್‌ಎಲ್‌ಆರ್‌ಗೆ ಆಗುವುದೇ ಇಲ್ಲ, ಕನ್ನಡಿ ಅಡ್ಡ.

ಫಂಗಸ್ಸಿನ ವಿಷಯ ಮಲೆನಾಡಿನಿಂದ ಬಂದವರಿಗೆ ನಾನು ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಲೆನ್ಸಿಗೆ ಬರದೆ ಇರುತ್ತದೆಯೇ? ಬೀಜಕಣ ಗಾಳಿಯಲ್ಲೆಲ್ಲ ಇದೆ, ಅದನ್ನು ತಡೆಯಲಾಗದು. ತಡೆಯಬಹುದಾದದ್ದು ತೇವ. ಮೊದಲು ಆ ಚಂದದ ಚರ್ಮದ ಕೇಸನ್ನು ಬೇರೆ ಇಡಿ. ತೇವ ಕುಡಿದು ಕೂರುವುದು ಅದೇ. ಗಾಳಿಯಾಡದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್ ಹರಳು, ಒಂದು ಅಗ್ಗದ ತೇವಮಾಪಕ. ಅದು ಶೇ. 40ರಿಂದ 50ರ ನಡುವೆ ಇರಲಿ. ಇನ್ನೂ ಒಣಗಿಸಲು ಹೋದರೆ ಲೆನ್ಸಿನ ಗ್ರೀಸ್ ಒಣಗುತ್ತದೆ. ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ. ಫಂಗಸ್ ಬಂದೇಬಿಟ್ಟಿದ್ದರೆ ಬೇಗ ಬಿಚ್ಚಿಸಿ ಒರೆಸಿಸಿ. ಅದು ಬಿಡುವ ಆಮ್ಲ ಕೋಟಿಂಗನ್ನೇ ತಿಂದ ಮೇಲೆ ಒರೆಸಿದರೂ ಕಲೆ ಉಳಿಯುತ್ತದೆ.

ಮೀಟರ್ ಇಲ್ಲದೆ ತೆಗೆಯುವುದು ಹೇಗೆ ಎಂದು ಹಿಂದಿನ ಸಾಲಿನಿಂದ ಕೇಳಿದರು. ನೆತ್ತಿ ಬಿಸಿಲಿನಲ್ಲಿ ಎಫ್/16, ಶಟರ್ ವೇಗ ಒಂದು ಸೆಕೆಂಡನ್ನು ಫಿಲ್ಮಿನ ಸಂಖ್ಯೆಯಿಂದ ಭಾಗಿಸಿದಷ್ಟು, ಅಥವಾ ಅದಕ್ಕೆ ಹತ್ತಿರದ್ದು. 100ರ ಫಿಲ್ಮಿಗೆ 1/125, 400ಕ್ಕೆ 1/500. ನಮ್ಮ ಏಪ್ರಿಲ್ ಬಿಸಿಲಿಗೆ ಇದು ಸರಿ, ಆದರೆ ಮಧ್ಯಾಹ್ನ ಕಣ್ಣಿನ ಕೆಳಗೆ ಕಪ್ಪು ನೆರಳು ಬೀಳುತ್ತದೆ, ಮುಖ ತೆಗೆಯುವಾಗ ಎಫ್/11ಕ್ಕೆ ಬನ್ನಿ. ಅಡಿಕೆ ತೋಟದೊಳಗೆ ಹೋದರೆ ಮೂರು ನಾಲ್ಕು ಸ್ಟಾಪ್ ತೆರೆಯಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಹಳೆ ಶಟರುಗಳು ಸಾಮಾನ್ಯವಾಗಿ ನಿಧಾನವಾಗಿರುತ್ತವೆ, ಬೆಳಕು ಹೆಚ್ಚಾಗುತ್ತದೆ. ನೆಗೆಟಿವ್ ಅದನ್ನು ತಡೆದುಕೊಳ್ಳುತ್ತದೆ, ಕಡಿಮೆಯಾದದ್ದನ್ನು ತಡೆಯದು. ಕಪ್ಪುಬಿಳುಪನ್ನು ಮನೆಯಲ್ಲೇ ತೊಳೆಯಿರಿ. ನಮ್ಮಲ್ಲಿ ಕಷ್ಟ ಕೊಡುವುದು ನೀರಿನ ಬಿಸಿ. ಇಲ್ಫರ್ಡ್ ಎಚ್‌ಪಿ5 ಫಿಲ್ಮನ್ನು ಸಮಪಾಲು ನೀರು ಬೆರೆಸಿದ ಐಡಿ-11 ಎಂಬ ಡೆವಲಪರಿನಲ್ಲಿ (ಚಿತ್ರ ಮೂಡಿಸುವ ದ್ರಾವಣ) 20 ಡಿಗ್ರಿಯಲ್ಲಿ 13 ನಿಮಿಷ ಎನ್ನುತ್ತಾರೆ. 24 ಡಿಗ್ರಿಯಲ್ಲಿ ಸುಮಾರು 9 ಸಾಕು. ಬೇಸಿಗೆಯಲ್ಲಿ ನಲ್ಲಿ ನೀರೇ 30 ಇರುತ್ತದೆ, ಆಗ ಬಾಟಲಿಗಳನ್ನು ಐಸ್ ಹಾಕಿದ ಬಕೆಟಿನಲ್ಲಿಟ್ಟು ಇಳಿಸಿಕೊಳ್ಳಿ. ಡೆವಲಪರ್ ಒಂದೇ ಅಲ್ಲ, ಚಿತ್ರವನ್ನು ಉಳಿಯುವಂತೆ ಮಾಡುವ ಫಿಕ್ಸರ್ ಮತ್ತು ತೊಳೆಯುವ ನೀರೂ ಹೆಚ್ಚುಕಡಿಮೆ ಅದೇ ಬಿಸಿಯಲ್ಲಿರಲಿ.

ಕೊನೆಗೆ ಬಂದ ಚೀಟಿ: ಹಳದಿಯಾದ ಪೆಂಟಾಕ್ಸಿನ ಟಾಕುಮಾರ್ ಲೆನ್ಸ್ ಇದೆ, ವಿಕಿರಣ ಇದೆಯಂತೆ, ಎಸೆಯಬೇಕೇ? ಎಸೆಯಬೇಡಿ. ಏಳು ಗಾಜಿನ 50 ಎಂಎಂ ಎಫ್/1.4 ಟಾಕುಮಾರಿನಲ್ಲಿ ಥೋರಿಯಂ ಎಂಬ ವಿಕಿರಣ ಸೂಸುವ ಧಾತು ಬೆರೆಸಿದ ಗಾಜು ಇದೆ, ಅದು ನಿಜ. ಬೆಳಕನ್ನು ಹೆಚ್ಚು ಬಗ್ಗಿಸಬೇಕು, ಬಣ್ಣಗಳನ್ನು ಚದುರಿಸಬಾರದು, ಎರಡೂ ಬೇಕೆಂದಾಗ ಆ ಕಾಲದಲ್ಲಿ ಕೈಗೆ ಸಿಕ್ಕಿದ್ದು ಥೋರಿಯಂ. ಅದೂ ಒಂದು ರಾಜಿಯೇ. ವರ್ಷಗಳು ಕಳೆದ ಹಾಗೆ ಅದೇ ವಿಕಿರಣ ಗಾಜನ್ನು ಹಳದಿ ಮಾಡಿತು. ಫೋಟೋ ತೆಗೆಯುವ ಮಟ್ಟಿಗೆ ಚಿಂತೆ ಬೇಡ, ಗಾಜನ್ನು ಒಡೆದು ಪುಡಿ ಮಾಡುವುದು, ಉಜ್ಜುವುದು ಮಾಡಬೇಡಿ. ಹಳದಿ ಹೋಗಬೇಕೆಂದರೆ ಎರಡೂ ಮುಚ್ಚಳ ತೆಗೆದು, ಕೆಳಗೆ ಅಲ್ಯೂಮಿನಿಯಂ ಹಾಳೆ ಹಾಸಿ ಬಿಸಿಲು ಬೀಳುವ ಕಿಟಕಿಯಲ್ಲಿ ಕೆಲವು ವಾರ ಇಡಿ. ಯುವಿ ದೀಪವಿದ್ದರೆ ಇನ್ನೂ ಬೇಗ. ಆದರೆ ಬಿಸಿಲಿಗಿಟ್ಟ ಲೆನ್ಸ್ ಭೂತಗನ್ನಡಿಯೂ ಹೌದು, ಹತ್ತಿರದಲ್ಲಿ ಪರದೆ, ಕಾಗದ ಇರಬಾರದು. ಮಧ್ಯಾಹ್ನದ ಹೊತ್ತು ಒಮ್ಮೆ ಹೋಗಿ ನೋಡಿ ಬನ್ನಿ.